ರಾಜಾಗೆ ಆಪರೇಷನ್ ಬೇಕಾ? ಮೊದಲು ಅದು ಗಂಡೋ ಹೆಣ್ಣೋ ನೋಡಿಸಿ

ಪ್ರಶ್ನೆ: ನಾವು ಬೆಟಗೇರಿಯವರು. ಮನೆಯಲ್ಲೇ ಕೈಮಗ್ಗ ಇದೆ. ಮೂರೂವರೆ ವರ್ಷದ ಹಿಂದೆ ಮಗಳ ಹಟಕ್ಕೆ ಹುಬ್ಬಳ್ಳಿಯಿಂದ ಒಂದು ಬಿಳಿ ಮೊಲದ ಮರಿ ತಂದೆವು. ಗಂಡು ಅಂತ ಹೇಳಿ ಕೊಟ್ಟರು. ರಾಜಾ ಅಂತ ಹೆಸರಿಟ್ಟೆವು. ಮೊದಲು ಬಹಳ ಸಾಧು ಇತ್ತು. ಒಂದು ವರ್ಷದಿಂದ ಗೂಡಿಗೆ ಕೈ ಹಾಕಿದರೆ ಗುರ್ ಅಂತ ಮೈಮೇಲೆ ಬರುತ್ತದೆ. ಮಗಳ ಕೈಗೆ ಎರಡು ಸಲ ಕಚ್ಚಿದೆ. ಮೂಲೆಮೂಲೆಯಲ್ಲಿ ಉಚ್ಚೆ ಹೊಯ್ಯುತ್ತದೆ. ದೀಪಾವಳಿ ಹೊತ್ತಿಗೆ ಒಮ್ಮೆ, ಈಗ ಯುಗಾದಿ ಆದ ಮೇಲೆ ಒಮ್ಮೆ, ಎದೆಯ ಕೂದಲು ಕಿತ್ತುಕೊಂಡು, ಮಗ್ಗದ ಕೆಳಗೆ ಬಿದ್ದ ನೂಲಿನ ತುಂಡುಗಳನ್ನು ಬಾಯಲ್ಲಿ ಕಚ್ಚಿಕೊಂಡು ಹೋಗಿ ಮೂಲೆಯಲ್ಲಿ ಗುಡ್ಡೆ ಹಾಕಿತ್ತು. ನೆಂಟರೊಬ್ಬರು ಮರಿಯಾಗದ ಹಾಗೆ ಆಪರೇಷನ್ ಮಾಡಿಸಿ ಅನ್ನುತ್ತಾರೆ. ಇನ್ನೊಬ್ಬರು ಮತ್ತಿನ ಔಷಧ ಕೊಟ್ಟರೆ ಮೊಲ ಏಳುವುದೇ ಇಲ್ಲ ಅನ್ನುತ್ತಾರೆ. ಅತ್ತೆಯವರು ಇನ್ನೊಂದು ಮೊಲ ತಂದು ಜೋಡಿ ಮಾಡಿ, ತಾನೇ ತಣ್ಣಗಾಗುತ್ತದೆ ಅನ್ನುತ್ತಾರೆ. ಇಷ್ಟು ವಯಸ್ಸಾದ ಮೇಲೆ ಮಾಡಿಸಬಹುದಾ? ಮಗಳು ದಿನಾ ಅಳುತ್ತಾಳೆ.

ಉತ್ತರ: ನಿಮ್ಮ ಪತ್ರ ಓದುತ್ತಾ ನೂಲಿನ ಸಾಲಿಗೆ ಬಂದಾಗ ನಿಂತುಬಿಟ್ಟೆ. ಮತ್ತೊಮ್ಮೆ ಓದಿದೆ. ಅಕ್ಕಾವ್ರೇ, ನಿಮ್ಮ ರಾಜಾ ಹೆಣ್ಣು ಅಂತ ನನಗೆ ಅನಿಸುತ್ತದೆ.

ಗಂಡುಮೊಲ ಉಚ್ಚೆ ಚಿಮ್ಮಿಸುತ್ತದೆ, ಕಾಲಿನ ಸುತ್ತ ಗಿರಗಿರ ಸುತ್ತುತ್ತದೆ, ಕಚ್ಚುವುದೂ ಉಂಟು. ಆದರೆ ಎದೆಯ ಕೂದಲು ಕಿತ್ತು, ಹುಲ್ಲೋ ನೂಲೋ ಬಾಯಲ್ಲಿ ತುಂಬಿಕೊಂಡು ಹೋಗಿ ಮೂಲೆಯಲ್ಲಿ ಹಾಸಿಗೆ ಮಾಡುವುದು ಹೆಣ್ಣಿನ ಕೆಲಸ. ಮರಿ ಹಾಕುವ ಮುಂಚೆ ಹೀಗೆ ಮಾಡುತ್ತದೆ. ಗಂಡಿನ ನೆರಳೂ ಬೀಳದೆ ಹೀಗೆ ಮಾಡಿದರೆ ಅದು ಸುಳ್ಳು ಬಸಿರು. ಹೊಟ್ಟೆಯಲ್ಲಿ ಮರಿ ಇರುವುದಿಲ್ಲ, ಆದರೆ ಮೈ ಮಾತ್ರ ಮರಿ ಇದೆ ಅಂತಲೇ ನಂಬಿರುತ್ತದೆ. 16ರಿಂದ 18 ದಿನ ಹೀಗೇ ನಡೆದು, ಕೊನೆಕೊನೆಗೆ ಗೂಡು ಕಟ್ಟಿ, ಆಮೇಲೆ ತಾನಾಗಿ ಇಳಿದುಹೋಗುತ್ತದೆ. ಆ ದಿನಗಳಲ್ಲಿ ಅದರ ಮೂಲೆಗೆ ಕೈ ಹಾಕಿದರೆ ಕಚ್ಚದೇ ಬಿಡುತ್ತದೆಯೇ? ಅದರ ಲೆಕ್ಕದಲ್ಲಿ ನಿಮ್ಮ ಮಗಳು ಮರಿಗಳ ಮೇಲೆ ಕೈ ಹಾಕಲು ಬಂದವಳು. ಇದನ್ನು ಮಗಳಿಗೆ ಹೇಳಿ. ರಾಜಾಗೆ ಅವಳ ಮೇಲೆ ಸಿಟ್ಟಿಲ್ಲ.

ಚರ್ಮದಲ್ಲಿ ಹುಳ ಬಿದ್ದರೂ ಕೂದಲು ಉದುರುತ್ತದೆ, ಅದನ್ನೂ ವೈದ್ಯರು ನೋಡಲಿ. ನೀವಾಗಿ ಏನೂ ಹಚ್ಚಬೇಡಿ. ನಾಯಿಯ ಉಣ್ಣಿಗೆ ಹೊಡೆಯುವ ಫಿಪ್ರೊನಿಲ್ ಸ್ಪ್ರೇ ಮೊಲಕ್ಕೆ ವಿಷ.

ಹೆಣ್ಣನ್ನು ಗಂಡು ಅಂತ, ಗಂಡನ್ನು ಹೆಣ್ಣು ಅಂತ ಕೊಡುವುದು ಬಹಳ ನಡೆಯುತ್ತದೆ. ಮಾರುವವರು ಬೇಕಂತ ಮಾಡುತ್ತಾರೆ ಅಂತಲ್ಲ. ಒಂದೂವರೆ ತಿಂಗಳ ಮರಿಯಲ್ಲಿ ಗುರುತು ಹಿಡಿಯುವುದು ಪಳಗಿದವರಿಗೂ ಕಷ್ಟ. ದೊಡ್ಡದಾದ ಮೇಲೆ ಸುಲಭ. ಗಂಡಾಗಿದ್ದರೆ ತೊಡೆಯ ಸಂದಿಯಲ್ಲಿ ಎರಡೂ ಕಡೆ ಕೂದಲಿಲ್ಲದ ಉದ್ದನೆಯ ಚೀಲ ಕಾಣುತ್ತದೆ. ಹೆದರಿದಾಗ ಬೀಜವನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತದೆ, ಹಾಗಾಗಿ ಒಂದೇ ನೋಟಕ್ಕೆ ಮೋಸ ಹೋಗಬಹುದು. ಮನೆಯಲ್ಲಿ ನೀವು ಅಂಗಾತ ಮಲಗಿಸಿ ನೋಡಲು ಹೋಗಬೇಡಿ. ಮೊಲ ಹಿಂಗಾಲು ಝಾಡಿಸಿ ಒದ್ದರೆ ಸಾಕು, ಅದರ ಬೆನ್ನುಮೂಳೆಯೇ ಮುರಿದೀತು. ವೈದ್ಯರ ಕೈಯಲ್ಲಿ ಇದು ಎರಡು ನಿಮಿಷದ ಕೆಲಸ.

ಇಷ್ಟೊಂದು ಹೇಳುವುದಕ್ಕೆ ಕಾರಣ ಇದೆ. ಗಂಡಿಗೆ ಒಂದು ಉತ್ತರ, ಹೆಣ್ಣಿಗೆ ಇನ್ನೊಂದು ಉತ್ತರ.

ಗಂಡಿನದು ಮೊದಲು ಮುಗಿಸಿಬಿಡುತ್ತೇನೆ. ಒಂದೇ ಗಂಡುಮೊಲ, ಸಾಧುವಾಗಿದೆ, ಜೊತೆಗೆ ಬೇರೆ ಮೊಲ ಇಲ್ಲ ಅಂದರೆ ಆಪರೇಷನ್ ಮಾಡಿಸಲೇಬೇಕು ಅಂತ ನಾನು ಯಾರಿಗೂ ಒತ್ತಾಯ ಮಾಡುವುದಿಲ್ಲ. ಉಚ್ಚೆ ಚಿಮ್ಮಿಸುವುದು, ಕಚ್ಚುವುದು ಜಾಸ್ತಿ ಇದ್ದರೆ, ಇಲ್ಲವೇ ಹೆಣ್ಣಿನ ಜೊತೆ ಬಿಡಬೇಕಾದರೆ ಮಾಡಿಸುವುದು ಒಳ್ಳೆಯದು. ಬೀಜ ತೆಗೆಯುವುದು ಚಿಕ್ಕ ಆಪರೇಷನ್. ಒಂದು ಎಚ್ಚರ ಮಾತ್ರ ಬೇಕು. ಗಂಡುಮೊಲದಲ್ಲಿ ಹೊಟ್ಟೆಯಿಂದ ಬೀಜದ ಚೀಲಕ್ಕೆ ಹೋಗುವ ದಾರಿ ಜೀವನಪೂರ್ತಿ ತೆರೆದೇ ಇರುತ್ತದೆ. ಅದನ್ನು ಕಟ್ಟದೆ ಬಿಟ್ಟರೆ ಕರುಳು ಜಾರಿ ಬರಬಹುದು. ಇನ್ನೊಂದು, ಆಪರೇಷನ್ ಆದ ಮಾರನೆಯ ದಿನವೇ ಹೆಣ್ಣಿನ ಜೊತೆ ಬಿಡಬೇಡಿ. ಒಳಗೆ ಉಳಿದ ವೀರ್ಯದಿಂದ 4ರಿಂದ 6 ವಾರದವರೆಗೂ ಬಸಿರು ನಿಲ್ಲಬಹುದು. ಸ್ವಭಾವ ತಣ್ಣಗಾಗುವುದಕ್ಕೂ ಸುಮಾರು ಅಷ್ಟೇ ದಿನ ಬೇಕು. ವರ್ಷಗಟ್ಟಲೆ ರೂಢಿಯಾದದ್ದು ಸ್ವಲ್ಪ ಉಳಿದುಬಿಡಬಹುದು.

ಹೆಣ್ಣಿಗೆ ಬಂದರೆ ಮಾತು ಬೇರೆ. ಇಲ್ಲಿ ಕಚ್ಚುವುದು, ಉಚ್ಚೆ ಇವೆಲ್ಲ ಚಿಕ್ಕ ವಿಷಯ. ದೊಡ್ಡ ವಿಷಯ ಗರ್ಭಕೋಶದ ಕ್ಯಾನ್ಸರ್. ಆಪರೇಷನ್ ಆಗದ ಹೆಣ್ಣುಮೊಲಗಳಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದೇ. ವಯಸ್ಸು ಏರಿದಂತೆ ಏರುತ್ತದೆ. ನಾಲ್ಕು ವರ್ಷ ದಾಟಿದ ಮೇಲೆ ಕೆಲವು ತಳಿಗಳಲ್ಲಿ ನೂರಕ್ಕೆ 60, ಅದಕ್ಕೂ ಜಾಸ್ತಿ ಮೊಲಗಳಲ್ಲಿ ಕಂಡದ್ದು ದಾಖಲಾಗಿದೆ. ಎಲ್ಲ ತಳಿಗೂ ಅಷ್ಟೇ ಇರುವುದಿಲ್ಲ, ನಿಜ. ಆದರೆ ಮನೆಯಲ್ಲಿ ಚೆನ್ನಾಗಿ ಸಾಕಿದ ಮೊಲ 8ರಿಂದ 12 ವರ್ಷ ಬದುಕುತ್ತದೆ. ರಾಜಾ ಇನ್ನೂ ಅರ್ಧ ದಾರಿಗೂ ಬಂದಿಲ್ಲ. ಅಪಾಯದ ದಿನಗಳು ಮುಂದೆ ಇವೆ.

ಐದು ವರ್ಷದ ಒಂದು ಬೂದುಬಣ್ಣದ ಹೆಣ್ಣುಮೊಲವನ್ನು ಒಮ್ಮೆ ಧಾರವಾಡದಿಂದ ನನ್ನ ಹತ್ತಿರ ತಂದಿದ್ದರು. ಬಿಳಿ ಟವೆಲ್ ಮೇಲೆ ಕೂರಿಸಿದ್ದರು, ಅದರ ಮೇಲೆ ಎರಡು ಕೆಂಪು ಹನಿ. ಆರು ತಿಂಗಳಿಂದ ಆಗೊಮ್ಮೆ ಈಗೊಮ್ಮೆ ಹೀಗಾಗುತ್ತಿತ್ತಂತೆ. ಬೀಟ್‌ರೂಟ್ ತಿಂದಿದೆ ಅಂತ ಸುಮ್ಮನಿದ್ದರು. ಬೀಟ್‌ರೂಟ್ ತಿಂದರೆ, ಕೆಲವು ಸೊಪ್ಪು ತಿಂದರೆ ಮೊಲದ ಉಚ್ಚೆ ಕೆಂಪಾಗುವುದು ಹೌದು. ಆದರೆ ಆಗ ಇಡೀ ಉಚ್ಚೆಯೇ ಒಂದೇ ಸಮ ಕೆಂಪಗೆ, ಕಿತ್ತಳೆಯಾಗಿ ಇರುತ್ತದೆ. ಇಲ್ಲಿ ಉಚ್ಚೆ ಬೇರೆ, ರಕ್ತದ ಹನಿ ಬೇರೆ ಕಾಣುತ್ತಿತ್ತು. ಹೊಟ್ಟೆ ಒತ್ತಿ ನೋಡಿದರೆ ಬೆರಳಿಗೆ ನೆಲ್ಲಿಕಾಯಿ ಗಾತ್ರದ ಗಂಟುಗಳು ಸಿಕ್ಕವು, ಒಂದರ ಪಕ್ಕ ಒಂದು. ಎಕ್ಸ್‌ರೇಯಲ್ಲಿ ಶ್ವಾಸಕೋಶದ ತುಂಬ ಬಿಳಿ ಚುಕ್ಕೆ, ಕ್ಯಾನ್ಸರ್ ಅಲ್ಲಿಗೂ ಹಬ್ಬಿತ್ತು. ಆಪರೇಷನ್ ಮಾತೇ ಇರಲಿಲ್ಲ. ಅದಕ್ಕಿಂತ ಎರಡು ವರ್ಷ ಮುಂಚೆ ಗರ್ಭಕೋಶ ತೆಗೆದಿದ್ದರೆ ಆ ರೋಗ ಹುಟ್ಟಲು ಜಾಗವೇ ಇರುತ್ತಿರಲಿಲ್ಲ.

ಈಗ ನಿಮ್ಮ ನೆಂಟರ ಭಯಕ್ಕೆ ಬರೋಣ. ‘ಮತ್ತು ಕೊಟ್ಟರೆ ಮೊಲ ಏಳುವುದೇ ಇಲ್ಲ.’ ಇದು ಪೂರ್ತಿ ಸುಳ್ಳಲ್ಲ, ಅದಕ್ಕೇ ಜನ ನಂಬುತ್ತಾರೆ. ಬ್ರಿಟನ್ನಿನಲ್ಲಿ ಸಾವಿರಾರು ಪ್ರಾಣಿಗಳ ಲೆಕ್ಕ ಇಟ್ಟು 2008ರಲ್ಲಿ ಪ್ರಕಟಿಸಿದ ಒಂದು ದೊಡ್ಡ ಅಧ್ಯಯನ ಇದೆ. ಅರಿವಳಿಕೆ ಕೊಟ್ಟ ಸಾವಿರ ನಾಯಿಗಳಲ್ಲಿ ಸತ್ತದ್ದು ಎರಡಕ್ಕಿಂತ ಕಮ್ಮಿ. ಬೆಕ್ಕಿನಲ್ಲಿ ಎರಡಕ್ಕಿಂತ ಸ್ವಲ್ಪ ಜಾಸ್ತಿ. ಮೊಲದಲ್ಲಿ ಸುಮಾರು 14. ಅದರಲ್ಲಿ ಮೊದಲೇ ಕಾಯಿಲೆ ಇದ್ದವನ್ನು ಬಿಟ್ಟು, ಗಟ್ಟಿಮುಟ್ಟಾದ ಮೊಲಗಳನ್ನು ಮಾತ್ರ ತೆಗೆದುಕೊಂಡರೆ ಸುಮಾರು 7. ಅಂದರೆ ನಾಯಿಗಿಂತ ಅಪಾಯ ಹೆಚ್ಚು. ಆದರೂ ಆರೋಗ್ಯವಂತ ಮೊಲಗಳಲ್ಲಿ ಸಾವಿರಕ್ಕೆ 993 ಎದ್ದಿವೆ. ಆ ಅಧ್ಯಯನದಲ್ಲಿ ನನಗೆ ಮುಖ್ಯ ಅನಿಸಿದ್ದು ಇನ್ನೊಂದು ಮಾತು. ಸತ್ತ ಮೊಲಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸತ್ತದ್ದು ಆಪರೇಷನ್ ಮೇಜಿನ ಮೇಲಲ್ಲ. ಆಪರೇಷನ್ ಮುಗಿದ ಮೇಲೆ. ಎಲ್ಲರೂ ‘ಆಯ್ತಪ್ಪ’ ಅಂತ ಉಸಿರು ಬಿಟ್ಟ ಹೊತ್ತಿನಲ್ಲಿ.

ಇದನ್ನು ನಾನು ಕಷ್ಟಪಟ್ಟು ಕಲಿತವನು. ಪಶುವೈದ್ಯನಾಗಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ದನ, ಎಮ್ಮೆ, ನಾಯಿ ಇವೇ ನನಗೆ ಗೊತ್ತಿದ್ದದ್ದು. ಮೊಲ ತಂದ ಒಬ್ಬರಿಗೆ ನಾಯಿಗೆ ಹೇಳುವಂತೆ ‘ರಾತ್ರಿಯಿಂದ ಏನೂ ಹಾಕಬೇಡಿ’ ಅಂತ ಹೇಳಿದೆ. ಅವರು ಪಾಪ, ನೀರೂ ಇಡಲಿಲ್ಲ. ಆಪರೇಷನ್ ಚೆನ್ನಾಗಿಯೇ ಆಯಿತು, ಮೊಲ ಎದ್ದು ಕೂತಿತು, ಮನೆಗೂ ಹೋಯಿತು. ಆದರೆ ಹುಲ್ಲು ಮುಟ್ಟಲಿಲ್ಲ. ಮೂರನೆಯ ದಿನ ಸತ್ತಿತು. ತಪ್ಪು ನನ್ನದು. ನಾಯಿಗೆ, ಬೆಕ್ಕಿಗೆ ಉಪವಾಸ ಹಾಕುವುದು ಮತ್ತಿನಲ್ಲಿ ವಾಂತಿ ಮಾಡಿಕೊಂಡು ಅದು ಶ್ವಾಸನಾಳಕ್ಕೆ ಹೋಗದಿರಲಿ ಅಂತ. ಮೊಲಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ. ಅದರ ಕರುಳು ಹಗಲೂ ರಾತ್ರಿ ಓಡುತ್ತಲೇ ಇರಬೇಕು. ಹೊಟ್ಟೆಗೆ ಬೀಳುವುದು ನಿಂತರೆ ಕರುಳು ನಿಧಾನ ಆಗುತ್ತದೆ, ಗ್ಯಾಸ್ ತುಂಬುತ್ತದೆ, ನೋಯುತ್ತದೆ. ನೋವಿಗೆ ಇನ್ನೂ ತಿನ್ನುವುದಿಲ್ಲ. ಈ ಸುಳಿಗೆ ಬಿದ್ದರೆ ಎರಡು ಮೂರು ದಿನದಲ್ಲಿ ಜೀವ ಹೋಗುತ್ತದೆ. ಅಂದಿನಿಂದ ಮೊಲ ತಂದವರಿಗೆ ನಾನು ಹೇಳುವ ಮೊದಲ ಮಾತು, ‘ಬುಟ್ಟಿಯಲ್ಲಿ ಹುಲ್ಲು ಇಟ್ಟುಕೊಂಡೇ ಬನ್ನಿ.’

ನಿಮಗೂ ಇದರಲ್ಲಿ ಒಂದು ಉಪಯೋಗ ಇದೆ. ರಾತ್ರಿ ಉಪವಾಸ ಇಡಿ ಅಂತ ಯಾರಾದರೂ ಹೇಳಿದರೆ, ಅವರು ಎಷ್ಟೇ ಒಳ್ಳೆಯವರಿರಲಿ, ಮೊಲದ ಕೆಲಸ ಅವರಿಗೆ ಹೊಸದು ಅಂತ ತಿಳಿಯಿರಿ. ವರ್ಷಕ್ಕೆ ಎಷ್ಟು ಹೆಣ್ಣುಮೊಲದ ಆಪರೇಷನ್ ಮಾಡುತ್ತೀರಿ ಅಂತ ನೇರವಾಗಿ ಕೇಳಿ. ಕೇಳಿದರೆ ಬೇಜಾರಾಗುತ್ತದೆ ಅಂದುಕೊಳ್ಳಬೇಡಿ, ನಮಗೆ ಬೇಜಾರಿಲ್ಲ. ಮತ್ತು ಬರಿಸುವ ಐಸೊಫ್ಲುರೇನ್ ಗ್ಯಾಸ್ ಮೆಷಿನ್ ಇದೆಯಾ, ಬರೀ ಇಂಜೆಕ್ಷನ್ ಮೇಲೆ ಮಾಡುತ್ತಾರಾ ಕೇಳಿ. ಮತ್ತಿನಲ್ಲಿದ್ದಾಗ ಮೈ ತಣ್ಣಗಾಗದಂತೆ ಏನು ಮಾಡುತ್ತಾರೆ, ನೋವಿನ ಔಷಧ ಎಷ್ಟು ದಿನ, ರಾತ್ರಿ ಹತ್ತಕ್ಕೆ ಮೊಲ ತಿನ್ನದಿದ್ದರೆ ಯಾರಿಗೆ ಫೋನ್ ಮಾಡಬೇಕು ಇವನ್ನೂ ಕೇಳಿ. ಕೊನೆಯದ್ದಕ್ಕೆ ಉತ್ತರ ಸಿಗದಿದ್ದರೆ ಅಲ್ಲಿ ಮಾಡಿಸಬೇಡಿ. ಗದಗದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ, ಮೊದಲು ಅಲ್ಲಿ ಹೋಗಿ ತೋರಿಸಿ, ವಿಚಾರಿಸಿ. ಹುಬ್ಬಳ್ಳಿ-ಧಾರವಾಡದಲ್ಲಿ ಸಾಕುಪ್ರಾಣಿಗಳ ಕ್ಲಿನಿಕ್‌ಗಳು ಸಾಕಷ್ಟಿವೆ, ಆದರೆ ಎಲ್ಲರೂ ಮೊಲದ ಹೊಟ್ಟೆ ತೆರೆಯುವವರಲ್ಲ. ಬೇಕಾದರೆ ಒಂದು ತಿಂಗಳು ಹುಡುಕಿ. ನಿಮ್ಮ ಮೊಲಕ್ಕೆ ನಾಳೆಯೇ ಆಗಬೇಕು ಅನ್ನುವ ಅವಸರ ಇಲ್ಲ.

ಅತ್ತೆಯವರ ಮಾತಿಗೆ ಬರುತ್ತೇನೆ. ಹಿರಿಯರು ದನಕರುಗಳನ್ನು ನೋಡಿ ಹೇಳುವ ಮಾತು ಅದು, ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಮೊಲಕ್ಕೆ ಹೊಂದುವುದಿಲ್ಲ. ಮರಿ ಹಾಕಿದ ಹೆಣ್ಣಿಗೂ ಈ ಕ್ಯಾನ್ಸರ್ ಬರುತ್ತದೆ, ಹಾಕದ ಹೆಣ್ಣಿಗೂ ಬರುತ್ತದೆ. ಮತ್ತೆ ‘ಒಂದೇ ಸಲ ಮರಿ ಹಾಕಲಿ’ ಅಂದುಕೊಂಡರೂ ಅದು ಮೊಲದ ವಿಷಯದಲ್ಲಿ ನಡೆಯದ ಮಾತು. ಬಸಿರು 31 ದಿನ ಅಷ್ಟೇ. ಮರಿ ಹಾಕಿದ ದಿನವೇ ಗಂಡು ಹತ್ತಿರ ಇದ್ದರೆ ಮತ್ತೆ ಬಸಿರಾಗಬಲ್ಲದು. ಮರಿಗಳು ನಾಲ್ಕೈದು ತಿಂಗಳಿಗೆ ತಾವೇ ಮರಿ ಹಾಕಲು ತಯಾರು. ಬೇಸಿಗೆ ಕಳೆದು ಬನ್ನಿ ಹಂಚುವ ಹೊತ್ತಿಗೆ ನಿಮ್ಮ ಮಗ್ಗದ ಮನೆ ತುಂಬ ಮೊಲ ಓಡಾಡುತ್ತಿರುತ್ತವೆ. ಬೆಳೆದ ಮೊಲವನ್ನು ಯಾರೂ ಕೇಳುವುದಿಲ್ಲ, ಕೇಳಿದವರೂ ಸಾಕಲಿಕ್ಕೆ ಕೇಳಿರುವುದಿಲ್ಲ. ಮಗಳಿಗೆ ಅದನ್ನು ನೋಡುವ ಪಾಡು ಬೇಡ. ರಾಜಾಗೆ ಜೊತೆ ಬೇಕು ಅನ್ನುವುದು ಮಾತ್ರ ನಿಜ, ಮೊಲ ಒಂಟಿ ಜೀವಿ ಅಲ್ಲ. ಅದರ ಆಪರೇಷನ್ ಆಗಿ ಗಾಯ ಮಾಯ್ದ ಮೇಲೆ, ಬೀಜ ತೆಗೆಸಿದ ಒಂದು ಗಂಡನ್ನು ನಿಧಾನಕ್ಕೆ ಪರಿಚಯ ಮಾಡಿಸಿ. ಅತ್ತೆಯವರ ಮಾತೂ ಉಳಿಯುತ್ತದೆ.

ಹಾಗಾದರೆ ನಿಮ್ಮ ಮುಂದೆ ಇರುವುದು ಎರಡು ದಾರಿ. ಒಂದು, ಆಪರೇಷನ್ ಮಾಡಿಸದೆ ಕಣ್ಣಿಟ್ಟು ನೋಡುವುದು. ಇದೂ ತಪ್ಪಲ್ಲ. ನಂಬುವಂಥ ವೈದ್ಯರು ಸಿಗದಿದ್ದರೆ, ಮೊಲಕ್ಕೆ ಉಸಿರಿನ ತೊಂದರೆಯೋ ಹಲ್ಲಿನ ತೊಂದರೆಯೋ ಇದ್ದರೆ ನಾನೇ ಈ ದಾರಿ ಹೇಳುತ್ತೇನೆ. ಆಗ ಆರು ತಿಂಗಳಿಗೊಮ್ಮೆ ಹೊಟ್ಟೆ ಮುಟ್ಟಿ ನೋಡಿಸಬೇಕು, ವರ್ಷಕ್ಕೊಮ್ಮೆ ಸ್ಕ್ಯಾನಿಂಗ್ ಆದರೆ ಒಳ್ಳೆಯದು. ರಕ್ತದ ಹನಿ, ಮೊಲೆಗಳ ಹತ್ತಿರ ಗಂಟು, ಸುಮ್ನೆ ಮಂಕಾಗುವುದು ಕಂಡರೆ ಅದೇ ವಾರ ಓಡಬೇಕು. ಕಷ್ಟ ಏನೆಂದರೆ ಈ ರೋಗ ಮೊದಮೊದಲು ಏನೂ ತೋರಿಸುವುದಿಲ್ಲ. ಮೊಲ ಕೊನೆಯವರೆಗೂ ನೋವು ಮುಚ್ಚಿಡುವ ಪ್ರಾಣಿ. ಕಚ್ಚುವುದು, ಸುಳ್ಳು ಬಸಿರು ಹಾಗೇ ಮುಂದುವರಿಯುತ್ತವೆ.

ಇನ್ನೊಂದು, ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆಸುವುದು. ಮೂರೂವರೆ ವರ್ಷ ತಡವೇನಲ್ಲ. ಆರು ತಿಂಗಳ ಮರಿಯಷ್ಟು ಸುಲಭವೂ ಅಲ್ಲ. ದೊಡ್ಡ ಹೆಣ್ಣಿನಲ್ಲಿ ಗರ್ಭಕೋಶದ ಸುತ್ತ ಬೆಣ್ಣೆಯಂಥ ಕೊಬ್ಬು ಕೂತಿರುತ್ತದೆ, ರಕ್ತನಾಳ ಹುಡುಕಿ ಕಟ್ಟಲು ಹೊತ್ತು ಹಿಡಿಯುತ್ತದೆ. ಅದಕ್ಕೇ ಮೊದಲು ಸರಿಯಾಗಿ ತೂಕ ಮಾಡಿ, ಎದೆ ಕೇಳಿ, ಹಲ್ಲು ನೋಡಿ, ಹೊಟ್ಟೆ ಮುಟ್ಟಿ, ಸಾಧ್ಯವಾದರೆ ಒಂದು ರಕ್ತ ಪರೀಕ್ಷೆ ಮಾಡಿಸಿ. ಗರ್ಭಕೋಶ ದಪ್ಪ ಅನಿಸಿದರೆ ಎದೆಯ ಎಕ್ಸ್‌ರೇ ಮೊದಲು. ಎಲ್ಲ ಸರಿ ಇದ್ದರೆ ಮಾಡಿಸಿ ಅಂತಲೇ ನಾನು ಹೇಳುವುದು. ನನ್ನ ಮನೆಯ ಮೊಲವಾಗಿದ್ದರೂ ಇದೇ ಮಾಡುತ್ತಿದ್ದೆ. ಸ್ವಭಾವ ಒಂದೆರಡು ತಿಂಗಳಲ್ಲಿ ಮೆತ್ತಗಾಗುತ್ತದೆ. ಸ್ವಲ್ಪ ದಪ್ಪಗಾಗಬಹುದು, ಪೆಲೆಟ್ (ಅಂಗಡಿಯ ಗುಳಿಗೆಯಂಥ ಮೇವು) ಕಮ್ಮಿ ಮಾಡಿ ಒಣಹುಲ್ಲು ಜಾಸ್ತಿ ಮಾಡಿದರೆ ಸರಿಹೋಗುತ್ತದೆ.

ಆದರೆ ಈಗ ಬೇಡ. ಏಪ್ರಿಲ್-ಮೇ ತಿಂಗಳ ಗದಗಿನ ಬಿಸಿಲು ನಿಮಗೇ ಗೊತ್ತು. ಮೊಲ ಬೆವರುವುದಿಲ್ಲ, ಕಿವಿಯಿಂದಲೇ ಬಿಸಿ ಹೊರಹಾಕಬೇಕು. 30 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ ಶುರು. ಹುಬ್ಬಳ್ಳಿಗೆ ಸುಮಾರು 60 ಕಿಲೋಮೀಟರ್, ಬೆಳಿಗ್ಗೆ ಹೊರಟರೂ ಅಣ್ಣಿಗೇರಿ ದಾಟುವಷ್ಟರಲ್ಲಿ ಬಸ್ಸಿನ ತಗಡು ಕಾದಿರುತ್ತದೆ. ಹೊಟ್ಟೆಯಲ್ಲಿ ಹೊಲಿಗೆ ಇರುವ ಮೊಲವನ್ನು ಆ ಬಿಸಿಲಿನಲ್ಲಿ ವಾಪಸ್ ತರುವುದು ಬೇಡ. ಮಳೆ ಹಿಡಿದ ಮೇಲೆ, ಜೂನ್ ಕೊನೆಗೋ ಜುಲೈಗೋ ಇಟ್ಟುಕೊಳ್ಳಿ. ಅಷ್ಟರಲ್ಲಿ ಸುಳ್ಳು ಬಸಿರಿನ ಊತವೂ ಇಳಿದಿರುತ್ತದೆ.

ಆಪರೇಷನ್ ದಿನ ಅದು ತಿನ್ನುವ ಸೊಪ್ಪನ್ನೇ ಕಟ್ಟಿಕೊಂಡು ಹೋಗಿ. ಕರಿಕೆ, ಕೊತ್ತಂಬರಿ, ಮೂಲಂಗಿ ಎಲೆ, ಅದಕ್ಕೆ ಏನು ಇಷ್ಟವೋ ಅದು. ಎಚ್ಚರ ಬಂದ ಕೆಲವೇ ಗಂಟೆಗಳಲ್ಲಿ ಮೂಗು ಆಡಿಸಿ ಒಂದು ಎಸಳು ಎಳೆದುಕೊಳ್ಳಬೇಕು. ಮನೆಯಲ್ಲಿ ಮರದ ಹೊಟ್ಟಿನ ಬದಲು ಹಳೆಯ ಹತ್ತಿ ಬಟ್ಟೆ ಹಾಸಿ, ನೂಲು ಬಿಟ್ಟುಕೊಳ್ಳದಂಥದ್ದು. ಹತ್ತು ದಿನ ಮೆಟ್ಟಿಲು, ಮಂಚ ಹತ್ತಿಸಬೇಡಿ. ಗಾಯ ನೆಕ್ಕದಿರಲಿ ಅಂತ ನಾಯಿಗೆ ಹಾಕುವಂತೆ ಕುತ್ತಿಗೆಗೆ ಲಾಳಿಕೆಯಂಥ ಪಟ್ಟಿ ಹಾಕುತ್ತಾರೆ, ಮೊಲಕ್ಕೆ ಅದು ತೊಂದರೆಯೇ ಜಾಸ್ತಿ. ಅದು ತನ್ನ ಮೆತ್ತನೆಯ ಹಿಕ್ಕೆಯನ್ನು ಬಾಯಿಂದಲೇ ಎತ್ತಿ ತಿನ್ನಬೇಕು, ಅದು ಅದರ ಊಟದ ಒಂದು ಭಾಗ. ಗೂನು ಮಾಡಿ ಕೂತು, ಕಣ್ಣು ಅರ್ಧ ಮುಚ್ಚಿ ಹಲ್ಲು ಕಟಕಟ ಕಡಿಯುತ್ತಿದ್ದರೆ ನೋವಿದೆ ಅಂತ ಅರ್ಥ. 12 ಗಂಟೆ ಏನೂ ತಿನ್ನದಿದ್ದರೆ, ಹಿಕ್ಕೆ ಬೀಳದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಫೋನ್ ಮಾಡಿ.

ಔಷಧ ಅಂಗಡಿಯಿಂದ ನೀವಾಗಿ ಏನನ್ನೂ ತಂದು ಕೊಡಬೇಡಿ. ಮನುಷ್ಯರಿಗೆ ದಿನಾ ಬರೆಯುವ ಅಮಾಕ್ಸಿಸಿಲಿನ್ ಅನ್ನುವ ಆ್ಯಂಟಿಬಯೋಟಿಕ್ ಬಾಯಿಗೆ ಹಾಕಿದರೆ ಮೊಲದ ಕರುಳಿನ ಒಳ್ಳೆಯ ಜೀವಾಣು ಸತ್ತು, ಮೊಲವೇ ಸಾಯಬಹುದು. ಕ್ಲಿಂಡಾಮೈಸಿನ್ ಕೂಡ ಹಾಗೇ. ಇವನ್ನು ಕೊಡಿ ಅಂತ ಕಂಪೌಂಡರ್ ಹೇಳಿದರೂ ಕೇಳಬೇಡಿ.

ಇವತ್ತೇ ಮಾಡಬೇಕಾದದ್ದು ಎರಡು. ಮಗ್ಗದ ಕೆಳಗಿನ ನೂಲನ್ನು ದಿನಾ ಗುಡಿಸಿ ತೆಗೆಯಿರಿ, ಗೂಡು ಕಟ್ಟಲು ಅದಕ್ಕೆ ಒಣಹುಲ್ಲು ಕೊಡಿ. ಕಚ್ಚಿಕೊಂಡು ಹೋಗುವಾಗ ನೂಲು ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುತ್ತದೆ, ನಾವು ಇಷ್ಟು ಹೊತ್ತು ಮಾತಾಡಿದ ಆಪರೇಷನ್‌ಗಿಂತ ದೊಡ್ಡ ಆಪರೇಷನ್ ಅದು. ಇನ್ನೊಂದು ಮಗಳ ಕೆಲಸ. ಒಂದು ನೋಟ್‌ಬುಕ್ ಕೊಡಿ. ವಾರಕ್ಕೊಮ್ಮೆ ರಾಜಾನ ತೂಕ, ದಿನಾ ಬೆಳಿಗ್ಗೆ ಎಷ್ಟು ತಿಂದಿದೆ, ಹಿಕ್ಕೆ ಕಡಲೆಕಾಳಿನಷ್ಟು ದುಂಡಗೆ ಇದೆಯಾ, ಉಚ್ಚೆ ಯಾವ ಬಣ್ಣ ಅಂತ ಬರೆಯಲಿ. ಮೊಲದ ಉಚ್ಚೆ ಸುಣ್ಣದ ನೀರಿನಂತೆ ಮಸುಕಾಗಿದ್ದರೆ ಹೆದರಬೇಡ ಅಂತ ಹೇಳಿ, ಅದು ಸಹಜ. ಜೂನ್‌ನಲ್ಲಿ ವೈದ್ಯರ ಹತ್ತಿರ ಹೋಗುವಾಗ ಆ ನೋಟ್‌ಬುಕ್ ಅವಳ ಕೈಯಲ್ಲೇ ಇರಲಿ.